ಎಂಟು ದೀಪ, ಮೂರು ತಂತಿ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಮಧ್ಯಾಹ್ನದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಎದುರು ‘ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿಗಳು’ ಎಂದು ಅಚ್ಚಾಗಿದೆ. ವಿಷಯ ಬಹಳ ದೊಡ್ಡದು, ಊಟವಾದ ಮೇಲಿನ ಹೊತ್ತು ಬೇರೆ. ಸಮಿತಿಯವರ ಅಪ್ಪಣೆ ಪಡೆದು ಅದನ್ನು ಚಿಕ್ಕದು ಮಾಡಿಕೊಂಡಿದ್ದೇನೆ. ನನ್ನ ಮುಂದೆ ಈ ಮೇಜಿನ ಮೇಲೆ ಎಂಟು ಸಣ್ಣ ಕೆಂಪು ದೀಪಗಳ ಸಾಲೊಂದಿದೆ. ಅವು ಎಡದಿಂದ ಬಲಕ್ಕೆ ಓಡುತ್ತಿವೆ, ಮತ್ತೆ ಹಿಂದಕ್ಕೆ ಬರುತ್ತಿವೆ. ಹಿಂದಿನ ಸಾಲಿನವರಿಗೆ ಕಾಣಿಸದಿದ್ದರೆ ಭಾಷಣ ಮುಗಿದ ಮೇಲೆ ಹತ್ತಿರ ಬಂದು ನೋಡಿ. ಇವು ಹೇಗೆ ಓಡುತ್ತವೆ ಎಂಬುದಷ್ಟನ್ನೇ ಇವತ್ತು ಹೇಳುತ್ತೇನೆ. ಇದರ ಕೊನೆಯಲ್ಲಿ ನಾಳೆಯ ಹಳೆಯ ವಿದ್ಯಾರ್ಥಿಗಳ ಸಭೆಗೆ ಸಂಬಂಧಿಸಿದ ಒಂದು ಮಾತೂ ಇದೆ. ಅದು ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ.

ದೀಪ ಓಡುವುದು ನಮ್ಮೂರಿಗೆ ಹೊಸದಲ್ಲ. ಜಾತ್ರೆಯಲ್ಲಿ ದೇವಸ್ಥಾನದ ಗೋಪುರಕ್ಕೆ, ತೇರಿನ ಬೀದಿಗೆ ಸೀರಿಯಲ್ ಸೆಟ್ ಹಾಕುತ್ತಾರೆ. ಅದರಲ್ಲೂ ದೀಪ ಓಡುತ್ತದೆ. ಹಳೆಯ ಕಾಲದ ಸೆಟ್‌ಗಳಲ್ಲಿ ಒಂದು ಸಣ್ಣ ಮೋಟಾರು ಉರುಳೆಯನ್ನು ತಿರುಗಿಸುತ್ತಿತ್ತು. ಉರುಳೆಯ ಮೇಲಿನ ತಾಮ್ರದ ಪಟ್ಟಿ ಒಂದಾದ ಮೇಲೊಂದು ಸಾಲಿಗೆ ಕರೆಂಟು ಮುಟ್ಟಿಸುತ್ತಿತ್ತು. ಎಷ್ಟು ಸಾಲು ಬೇರೆ ಬೇರೆಯಾಗಿ ಹೊತ್ತಬೇಕೋ ಅಷ್ಟು ತಂತಿ ಉರುಳೆಯಿಂದ ಹೊರಡಬೇಕು. ನಾಲ್ಕು ಸಾಲಿದ್ದರೆ ನಾಲ್ಕು ತಂತಿ ಸಾಕು. ನಾನೂರು ದೀಪವನ್ನು ಒಂದೊಂದಾಗಿ ಆಡಿಸಬೇಕೆಂದರೆ?

ಇದೇ ಪ್ರಶ್ನೆ ಈ ಮೇಜಿನ ಮೇಲೂ ಇದೆ. ಇಲ್ಲಿರುವ ನೀಲಿ ಹಲಗೆಯ ಹೆಸರು ಆರ್ಡುಯಿನೋ ಊನೋ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಆರ್ಡುಯಿನೋ ಮನೆತನದ್ದು. ಪುಟ್ಟ ಕಂಪ್ಯೂಟರ್ ಎಂದುಕೊಳ್ಳಿ. ದೀಪ ಹೊತ್ತಿಸು, ಆರಿಸು ಎಂದು ಹೇಳಲು ಇದಕ್ಕಿರುವ ಡಿಜಿಟಲ್ ಪಿನ್ನುಗಳು 14. ಅದರಲ್ಲಿ ಎರಡು ಕಂಪ್ಯೂಟರಿನ ಜೊತೆ ಮಾತಾಡಲು ಬೇಕು. ಎಂಟು ದೀಪಕ್ಕೆ ಎಂಟು ಪಿನ್ನು ಕೊಟ್ಟರೆ ಉಳಿಯುವುದು ನಾಲ್ಕು. ಹದಿನಾರು ದೀಪ ಎಂದರೆ ಆಗಲೇ ಕಷ್ಟ. ಆದರೆ ಇಲ್ಲಿ ನೋಡಿ, ನೀಲಿ ಹಲಗೆಯಿಂದ ದೀಪಗಳ ಕಡೆಗೆ ಸುದ್ದಿ ಒಯ್ಯುವ ತಂತಿಗಳು ಮೂರೇ ಮೂರು. ಉಳಿದ ಎರಡು ಕರೆಂಟು ಕೊಡುವವು. ಈ ಮೂರು ತಂತಿಯ ತುದಿಯಲ್ಲಿ ಎಂಟು ದೀಪವಿರಲಿ, ಎಂಬತ್ತಿರಲಿ, ತಂತಿ ಮೂರೇ.

ನಡುವೆ ಕುಳಿತಿರುವ ಈ ಕಪ್ಪು ಹುಳು, ಹದಿನಾರು ಕಾಲಿನದು, ಆ ಕೆಲಸ ಮಾಡುತ್ತದೆ. ಬೆನ್ನ ಮೇಲೆ 74ಎಚ್‌ಸಿ595 ಎಂದು ಬರೆದಿದೆ. ಜಾತಿಯ ಹೆಸರು ಶಿಫ್ಟ್ ರಿಜಿಸ್ಟರ್. ನಮ್ಮೂರಿನಲ್ಲಿ ಶಿಫ್ಟ್ ಎಂದರೆ ಗಾರ್ಮೆಂಟ್ಸ್ ಕಾರ್ಖಾನೆಯ ಶಿಫ್ಟ್, ರಿಜಿಸ್ಟರ್ ಎಂದರೆ ಹಾಜರಿ ಪುಸ್ತಕ ಅಥವಾ ಸಬ್‌ರಿಜಿಸ್ಟ್ರಾರ್ ಕಚೇರಿ. ಇದು ಎರಡೂ ಅಲ್ಲ. ರಿಜಿಸ್ಟರ್ ಎಂದರೆ ಬರೆದಿಟ್ಟುಕೊಳ್ಳುವ ಎಂಟು ಮನೆಗಳು, ಒಂದೊಂದರಲ್ಲಿ ‘ಹೌದು’ ಅಥವಾ ‘ಇಲ್ಲ’. ಶಿಫ್ಟ್ ಎಂದರೆ ಬರೆದದ್ದು ಒಂದೊಂದು ಮನೆ ಪಕ್ಕಕ್ಕೆ ಸರಿಯುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಗುಪ್ತಲಿಪಿ ಬಿಡಿಸಲು ಕಟ್ಟಿದ ಕೊಲೋಸಸ್ ಯಂತ್ರದಲ್ಲೇ ಈ ಉಪಾಯವಿತ್ತು. ಆಗ ಅದಕ್ಕೆ ಗಾಜಿನ ಬುರುಡೆಗಳು ಬೇಕಾಗಿದ್ದವು. ಈಗ ಒಂದು ಮಸಾಲೆ ದೋಸೆಯ ದುಡ್ಡಿಗಿಂತ ಕಡಿಮೆಗೆ ಈ ಹುಳು ಸಿಗುತ್ತದೆ.

ಈ ಶಾಲೆಯ ಹಳೆಯ ಕಟ್ಟಡಕ್ಕೆ ಹೆಂಚು ಹೊದಿಸಿದ ದಿನವನ್ನು ನೋಡಿದ ಹಿರಿಯರು ಇಲ್ಲಿ ಕುಳಿತಿದ್ದಾರೆ. ಲಾರಿಯಿಂದ ಏಣಿಯವರೆಗೆ ಜನ ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸಿದರು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಲಾರಿಯ ಹತ್ತಿರ ಹೆಂಚು ಕೊಡುವವನು ಒಬ್ಬನೇ. ಆದರೂ ಸ್ವಲ್ಪ ಹೊತ್ತಿಗೆ ಸಾಲಿನ ಪ್ರತಿಯೊಬ್ಬರ ಕೈಯಲ್ಲೂ ಒಂದು ಹೆಂಚು. ಶಿಫ್ಟ್ ರಿಜಿಸ್ಟರಿನ ಅರ್ಧ ಕತೆ ಇಷ್ಟೇ. ಇನ್ನರ್ಧ ಕತೆಯನ್ನು ಮಕ್ಕಳು ಆಡಿ ತೋರಿಸುತ್ತಾರೆ.

(ಇಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಹದಿನೇಳು ಮಕ್ಕಳು ವೇದಿಕೆಗೆ ಬಂದರು. ಎಂಟು ಜನ ಹಿಂದಿನ ಸಾಲಿನಲ್ಲಿ, ಎಂಟು ಜನ ಕೈಯಲ್ಲಿ ಟಾರ್ಚು ಹಿಡಿದು ಮುಂದಿನ ಸಾಲಿನಲ್ಲಿ, ಒಬ್ಬಳು ಹಿಂದಿನ ಸಾಲಿನ ಎಡ ತುದಿಯಲ್ಲಿ ನಿಂತರು. ದೈಹಿಕ ಶಿಕ್ಷಕರು ಸೀಟಿ ಹಿಡಿದರು. ಶಾಲೆಯ ಗಂಟೆಯ ಹತ್ತಿರ ಒಬ್ಬ ಹುಡುಗ ನಿಂತ.)

ತುದಿಯಲ್ಲಿ ನಿಂತಿರುವ ಹುಡುಗಿಯ ಹೆಸರು ಈ ಆಟದಲ್ಲಿ ‘ಡೇಟಾ’. ಅವಳು ಕೈ ಎತ್ತಿದರೆ ಹೌದು, ಇಳಿಸಿದರೆ ಇಲ್ಲ. ಸೀಟಿ ಊದಿದಾಗ ಹಿಂದಿನ ಸಾಲಿನ ಮೊದಲನೆಯವನು ಅವಳ ಕೈ ಹೇಗಿತ್ತೋ ಹಾಗೆ ಮಾಡಬೇಕು. ಎರಡನೆಯವನು ಮೊದಲನೆಯವನ ಕೈ ಹೇಗಿತ್ತೋ ಹಾಗೆ, ಮೂರನೆಯವಳು ಎರಡನೆಯವನದು. ‘ಹೇಗಿದೆ’ ಎನ್ನುತ್ತಿಲ್ಲ, ‘ಹೇಗಿತ್ತು’ ಎನ್ನುತ್ತಿದ್ದೇನೆ. ಸೀಟಿಗೆ ಮುಂಚೆ ಹೇಗಿತ್ತೋ ಹಾಗೆ.

ನಿನ್ನೆ ಸಂಜೆಯ ಅಭ್ಯಾಸದಲ್ಲಿ ಇದೇ ಜಾಗದಲ್ಲಿ ತೊಡಕಾಯಿತು. ಐದನೆಯ ಹುಡುಗ ಚುರುಕು. ಸೀಟಿ ಆದ ಮೇಲೂ ಪಕ್ಕದವನನ್ನೇ ನೋಡುತ್ತಿದ್ದ. ಪಕ್ಕದವನ ಕೈ ಮೇಲೆ ಹೋದದ್ದು ಕಂಡು ತಾನೂ ಎತ್ತಿಬಿಟ್ಟ. ಒಂದೇ ಸೀಟಿಗೆ ಸುದ್ದಿ ಎರಡು ಮನೆ ದಾಟಿಹೋಯಿತು. ಮೂರು ಸಲ ಹೀಗೇ ಆಯಿತು. ಆಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹೇಳಿದಳು: “ಸಾರ್, ಮೊದಲು ಪಕ್ಕದವರನ್ನ ನೋಡ್ಕೊಂಡು ಕಣ್ಣು ಮುಚ್ಚಿಬಿಡೋಣ. ಆಮೇಲೆ ಸೀಟಿ ಊದ್ಲಿ.” ಹಾಗೆ ಮಾಡಿದ ಮೇಲೆ ಒಂದು ಸಲವೂ ತಪ್ಪಲಿಲ್ಲ.

ಇದನ್ನು ನಾನು ಸುಮ್ಮನೆ ಹೊಗಳಿಕೆಗೆ ಹೇಳುತ್ತಿಲ್ಲ. ಈ ಚಿಪ್ಪಿನ ಒಳಗೆ ಪ್ರತಿ ಮನೆಯಲ್ಲೂ ಇರುವುದು ಅದೇ ಉಪಾಯ. ಒಂದೊಂದು ಮನೆಗೂ ಎರಡು ಬಾಗಿಲು, ಒಂದು ಒಳಗೆ ಬರಲು, ಒಂದು ಹೊರಗೆ ಹೋಗಲು. ಸೀಟಿ ಬೀಳುವವರೆಗೆ ಒಳಬಾಗಿಲು ತೆರೆದಿದ್ದು ಪಕ್ಕದ ಸುದ್ದಿ ಕೇಳಿಸಿಕೊಳ್ಳುತ್ತದೆ. ಸೀಟಿ ಬಿದ್ದ ಕ್ಷಣ ಒಳಬಾಗಿಲು ಮುಚ್ಚಿ ಹೊರಬಾಗಿಲು ತೆರೆಯುತ್ತದೆ. ಎರಡೂ ಒಟ್ಟಿಗೆ ತೆರೆದಿದ್ದರೆ ಸುದ್ದಿ ನೀರಿನ ಹಾಗೆ ಕೊನೆಯವರೆಗೂ ಹರಿದುಬಿಡುತ್ತದೆ. ಎಂಜಿನಿಯರಿಂಗ್ ಓದುವಾಗ ಇದನ್ನು ಫ್ಲಿಪ್‌ಫ್ಲಾಪ್ ಎಂದು ಕಲಿಸುತ್ತಾರೆ. ಮೂರನೆಯ ಸೆಮಿಸ್ಟರಿನ ಲ್ಯಾಬಿನಲ್ಲಿ 7495 ಎಂಬ ಇದರ ಅಣ್ಣನನ್ನು ಹಿಡಿದು ನಾವೆಲ್ಲ ಪರೀಕ್ಷೆ ಬರೆದವರು. ಎಡದಿಂದ ಬಲಕ್ಕೆ ದೀಪ ಓಡಿಸಿದರೆ ಅಂಕ ಬರುತ್ತಿತ್ತು. ಎರಡು ಬಾಗಿಲು ಏಕೆ ಬೇಕು ಎಂದು ಕೇಳಿದವರನ್ನು ಅಲ್ಲಿ ನಾನು ಕಂಡದ್ದು ಕಡಿಮೆ. ನಿನ್ನೆ ಎಂಟನೆಯ ತರಗತಿಯ ಮಗು ಯಾರೂ ಕೇಳದೆಯೇ ಅದನ್ನು ಕಟ್ಟಿಕೊಂಡಿತು.

ಸರಿ, ಈಗ ನೋಡಿ.

(ಎಂಟು ಸೀಟಿಗಳಾದವು. ಹಿಂದಿನ ಸಾಲಿನಲ್ಲಿ ಕೈಗಳು ಏರಿಳಿಯುತ್ತ ಸರಿದವು. ಮುಂದಿನ ಸಾಲು ಅಲುಗಾಡಲಿಲ್ಲ. ಗಂಟೆ ಬಾರಿಸಿದಾಗ ಮುಂದಿನ ಸಾಲಿನವರು ತಿರುಗಿ ತಮ್ಮ ಹಿಂದಿನವರ ಕೈ ನೋಡಿ, ಅದರಂತೆ ಟಾರ್ಚು ಹೊತ್ತಿಸಿದರು.)

ಗಮನಿಸಿದಿರಾ? ಸೀಟಿ ಊದುತ್ತಿದ್ದಷ್ಟು ಹೊತ್ತು ಹಿಂದೆ ಗದ್ದಲವಿತ್ತು, ಮುಂದೆ ಟಾರ್ಚಿನವರು ಕದಲಲಿಲ್ಲ. ಗಂಟೆಯಾದ ಮೇಲೆ ಎಂಟೂ ಟಾರ್ಚು ಒಟ್ಟಿಗೆ ಬದಲಾದವು. ನಮ್ಮ ಮೂರು ತಂತಿಗಳು ಇವೇ. ಡೇಟಾ ಎಂದರೆ ತುದಿಯ ಹುಡುಗಿ. ಕ್ಲಾಕ್ ಎಂದರೆ ಸೀಟಿ; ಇಂಗ್ಲಿಷಿನಲ್ಲಿ ಗಡಿಯಾರ ಎನ್ನುತ್ತಾರೆ, ನನಗೆ ತಾಳ ಎನ್ನುವುದೇ ಸರಿ ಎನಿಸುತ್ತದೆ. ಲ್ಯಾಚ್ ಎಂದರೆ ಗಂಟೆ. ಲ್ಯಾಚ್ ಎನ್ನುವ ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಚಿಲಕ ಎಂಬ ಒಳ್ಳೆಯ ಪದವಿದೆ. ಒಳಗೆ ಎಲ್ಲವನ್ನೂ ಜೋಡಿಸಿಕೊಂಡು ಆಮೇಲೆ ಚಿಲಕ ತೆಗೆಯುವುದು. ಕಡಿಮೆ ಬೆಲೆಯ ಕೆಲವು ಶಿಫ್ಟ್ ರಿಜಿಸ್ಟರುಗಳಲ್ಲಿ ಈ ಮುಂದಿನ ಸಾಲೇ ಇರುವುದಿಲ್ಲ. ಅವುಗಳಲ್ಲಿ ಸುದ್ದಿ ಸರಿಯುವಾಗ ದೀಪಗಳು ಮಿಣಮಿಣ ಅನ್ನುತ್ತವೆ. 595ಕ್ಕೆ ಹೆಸರು ಬಂದಿರುವುದು ಮುಂದಿನ ಸಾಲಿನಿಂದ.

ಇನ್ನೊಂದು ಸಂಗತಿ. ಡೇಟಾ ಹುಡುಗಿ ಮೊದಲ ಸೀಟಿಗೆ ಕೊಟ್ಟ ಸುದ್ದಿ ಈಗ ಎಲ್ಲಿದೆ? ಸಾಲಿನ ಕೊನೆಯಲ್ಲಿದೆ. ಮದುವೆ ಊಟದಲ್ಲಿ ಮೊದಲು ಬಂದವರು ಪಂಕ್ತಿಯ ಒಳತುದಿಗೆ ಹೋಗಿ ಕೂರುವ ಹಾಗೆ. ಹಾಗಾಗಿ ಕೊನೆಯ ದೀಪದ ಸುದ್ದಿಯನ್ನೇ ಮೊದಲು ಕಳಿಸಬೇಕು. ಒಂಬತ್ತನೆಯ ಸೀಟಿ ಊದಿದರೆ ಎಂಟನೆಯವನ ಕೈಯಲ್ಲಿದ್ದದ್ದು ಸಾಲಿನಿಂದಾಚೆ ಬೀಳುತ್ತದೆ. ಅಲ್ಲಿ ಇನ್ನೊಂದು ಸಾಲನ್ನು ನಿಲ್ಲಿಸಿಬಿಟ್ಟರೆ? ಸುದ್ದಿ ಆ ಸಾಲಿಗೆ ಹೋಗುತ್ತದೆ. ಸೀಟಿ ಅದೇ, ಗಂಟೆ ಅದೇ. ಎರಡು ಚಿಪ್ಪಿಗೆ ಹದಿನಾರು ದೀಪ, ಹತ್ತಕ್ಕೆ ಎಂಬತ್ತು. ಇದಕ್ಕೆ ನಾವು ತೆರುವ ಬೆಲೆ ಎಂದರೆ ಹೊತ್ತು. ಎಂಬತ್ತು ದೀಪಕ್ಕೆ ಎಂಬತ್ತು ಸೀಟಿ ಬೇಕು. ಆದರೆ ಈ ನೀಲಿ ಹಲಗೆ ಎಂಟು ಸೀಟಿ ಊದಿ ಮುಗಿಸಲು ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನೂ ತೆಗೆದುಕೊಳ್ಳುವುದಿಲ್ಲ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದೇ ಇಲ್ಲ.

ಮಕ್ಕಳಿಗೆ ಚಪ್ಪಾಳೆ ಕೊಡಿ. ಅವರು ಕುಳಿತುಕೊಳ್ಳಲಿ.

ಎಂಟು ಹೌದು-ಇಲ್ಲಗಳಲ್ಲಿ ಎಷ್ಟು ಬಗೆ? ಇನ್ನೂರ ಐವತ್ತಾರು. ಇದು ಕಂಪ್ಯೂಟರಿನವರ ಲೆಕ್ಕ ಎಂದು ಹೆದರಬೇಕಿಲ್ಲ. ಸೇರಿನಲ್ಲಿ ಅಳೆದವರಿಗೆ ಇದು ಮನೆಯ ಲೆಕ್ಕ. ಅರೆಪಾವು ಎರಡಾದರೆ ಪಾವು, ಪಾವು ಎರಡಾದರೆ ಅಚ್ಚೇರು, ಅಚ್ಚೇರು ಎರಡಾದರೆ ಸೇರು. ಈ ನಾಲ್ಕು ಅಳತೆ ಒಂದೊಂದು ಇದ್ದರೆ ಸಾಕು, ಒಂದು ಅರೆಪಾವಿನಿಂದ ಹದಿನೈದು ಅರೆಪಾವಿನವರೆಗೆ ಯಾವ ಅಳತೆಯನ್ನಾದರೂ, ಯಾವ ಪಾತ್ರೆಯನ್ನೂ ಎರಡು ಸಲ ಮುಳುಗಿಸದೆ ರಾಗಿ ಅಳೆಯಬಹುದು. ಹನ್ನೊಂದು ಅರೆಪಾವು ಬೇಕೇ? ಸೇರು ಹೌದು, ಅಚ್ಚೇರು ಇಲ್ಲ, ಪಾವು ಹೌದು, ಅರೆಪಾವು ಹೌದು. ಇದೇ ದ್ವಿಮಾನ ಪದ್ಧತಿ. ದೀಪದ ಸಾಲಿನಲ್ಲಿ ನಾಲ್ಕರ ಬದಲು ಎಂಟು ಪಾತ್ರೆಗಳಿವೆ: 128, 64, 32, 16, 8, 4, 2, 1. ಒಂದು ದೀಪ ಓಡಿಸಬೇಕಾದರೆ ನಾನು ಬರೆಯುವ ಪ್ರೋಗ್ರಾಮಿನಲ್ಲಿ ವಿಶೇಷವೇನಿಲ್ಲ. ಒಂದರಿಂದ ಶುರು ಮಾಡಿ ಪ್ರತಿ ಸಲ ಎರಡರಿಂದ ಗುಣಿಸುವುದು, 128 ಆದ ಮೇಲೆ ಮತ್ತೆ ಒಂದು. ಚಿಲಕ ಹಾಕು, ಸಂಖ್ಯೆಯನ್ನು ಸರಿಸು, ಚಿಲಕ ತೆಗೆ. ಸರಿಸುವ ಕೆಲಸಕ್ಕೆ ಆರ್ಡುಯಿನೋದಲ್ಲಿ ಶಿಫ್ಟ್‌ಔಟ್ ಎಂಬ ಸಿದ್ಧ ಆಜ್ಞೆಯಿದೆ. ಆದರೆ ಮೊದಲ ವಾರ ಅದನ್ನು ಮುಟ್ಟದೆ ಎಂಟು ಸೀಟಿಯನ್ನು ಮಕ್ಕಳೇ ಒಂದೊಂದಾಗಿ ಊದಲಿ ಎಂಬುದು ನನ್ನ ಅಭಿಪ್ರಾಯ.

ಈಗ ಹತ್ತನೆಯ ತರಗತಿಯವರಿಗೆ ಒಂದು ಲೆಕ್ಕ. ವಿಜ್ಞಾನ ಪುಸ್ತಕದಲ್ಲಿ ಓಮ್‌ನ ನಿಯಮವಿದೆ. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ವಿದ್ಯುತ್ ಪ್ರವಾಹ. ಈ ಹಲಗೆ ಕೊಡುವುದು 5 ವೋಲ್ಟ್. ಕೆಂಪು ಎಲ್‌ಇಡಿ ತನ್ನ ಪಾಲಿಗೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು ತಡೆಯಲು ಪ್ರತಿ ದೀಪಕ್ಕೂ ಒಂದು ರೆಸಿಸ್ಟರ್ ಬೇಕು. ಎಷ್ಟು ಓಮ್‌ನದು? ಬಹಳ ಚಿತ್ರಗಳಲ್ಲಿ 220 ಓಮ್ ಎಂದು ಬರೆದಿರುತ್ತದೆ. ಆಗ ಒಂದು ದೀಪಕ್ಕೆ ಸುಮಾರು 13.6 ಮಿಲಿ ಆಂಪಿಯರ್. ಒಂದು ದೀಪ ಓಡುತ್ತಿದ್ದರೆ ತೊಂದರೆಯಿಲ್ಲ. ಎಂಟೂ ಒಟ್ಟಿಗೆ ಹೊತ್ತಿದರೆ 109 ಮಿಲಿ ಆಂಪಿಯರ್. ಈ ಚಿಪ್ಪು ಒಟ್ಟಿಗೆ ತಡೆದುಕೊಳ್ಳುವ ಮಿತಿ 70. ನಾನಿಲ್ಲಿ ಹಾಕಿರುವುದು 470 ಓಮ್. ದೀಪಕ್ಕೆ ಸುಮಾರು 6.4, ಎಂಟಕ್ಕೆ 51. ಬೆಳಕು ಕೊಂಚ ಕಡಿಮೆ, ಆದರೆ ಚಿಪ್ಪು ಬಾಳುತ್ತದೆ. ಪುಸ್ತಕದ ನಿಯಮ ಇಲ್ಲಿ ನೇರವಾಗಿ ಒಂದು ವಸ್ತುವನ್ನು ಉಳಿಸುತ್ತದೆ.

ಇದೇ ಜಾಗದಲ್ಲಿ ಪೋಷಕರಿಗೆ ಒಂದು ಮಾತು ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ಎಂಜಿನಿಯರಿಂಗ್‌ನಲ್ಲಿ ಹಿಂದೆ ಬೀಳುತ್ತಾರೆ ಎಂಬ ಹೆದರಿಕೆ ಊರಲ್ಲಿದೆ. ಪಿಯುಸಿಯ ಮೊದಲ ಮೂರು ತಿಂಗಳು ಕಷ್ಟವಾದದ್ದು ನಿಜ, ಇಲ್ಲ ಎನ್ನುವುದಿಲ್ಲ. ಆದರೆ ರೋಧ ಎಂದರೇನು ಎಂದು ಈ ಶಾಲೆಯ ವಿಜ್ಞಾನ ಮೇಷ್ಟ್ರು ತಂತಿ, ಸೆಲ್ಲು, ಬಲ್ಬು ಇಟ್ಟು ತೋರಿಸಿದ್ದರು. ಗೊತ್ತಿದ್ದ ವಸ್ತುವಿಗೆ ರೆಸಿಸ್ಟೆನ್ಸ್ ಎಂಬ ಇನ್ನೊಂದು ಹೆಸರು ಕಲಿಯಲು ಎಷ್ಟು ಹೊತ್ತು ಬೇಕು? ಹೆಸರು ಮಾತ್ರ ಇಂಗ್ಲಿಷಿನಲ್ಲಿ ಗೊತ್ತಿದ್ದು ವಸ್ತುವನ್ನು ಎಂದೂ ಮುಟ್ಟದೆ ಬಂದ ಸಹಪಾಠಿಗಳ ಪಾಡು ಅದಕ್ಕಿಂತ ಕಷ್ಟದ್ದಾಗಿತ್ತು.

ಜೋಡಿಸುವವರಿಗೆ ಕೆಲವು ಸೂಕ್ಷ್ಮಗಳು. ಚಿಪ್ಪಿನ 13ನೆಯ ಕಾಲನ್ನು ನೆಲಕ್ಕೆ, ಅಂದರೆ ಗ್ರೌಂಡಿಗೆ ಕಟ್ಟಬೇಕು. ಹತ್ತನೆಯದನ್ನು 5 ವೋಲ್ಟಿಗೆ. ಇವೆರಡನ್ನೂ ಗಾಳಿಯಲ್ಲಿ ಬಿಟ್ಟರೆ ದೀಪಗಳು ದೆವ್ವ ಹಿಡಿದ ಹಾಗೆ ಆಡುತ್ತವೆ, ಕೈ ಹತ್ತಿರ ತಂದರೂ ಬದಲಾಗುತ್ತವೆ. ಡೇಟಾ 14ಕ್ಕೆ, ಸೀಟಿ 11ಕ್ಕೆ, ಗಂಟೆ 12ಕ್ಕೆ. ಮುಂದಿನ ಚಿಪ್ಪಿಗೆ ಸುದ್ದಿ ಹೋಗುವುದು 9ರಿಂದ. 16ಕ್ಕೆ 5 ವೋಲ್ಟ್, 8 ನೆಲಕ್ಕೆ. ಈ ಎರಡರ ನಡುವೆ, ಚಿಪ್ಪಿಗೆ ಆದಷ್ಟು ಹತ್ತಿರದಲ್ಲಿ, 0.1 ಮೈಕ್ರೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್ ಇರಲಿ. ಕೆಲವು ಹಳೆಯ ಚಿತ್ರಗಳಲ್ಲಿ ಆ ಕೆಪಾಸಿಟರನ್ನು ಗಂಟೆಯ ತಂತಿಗೆ ಹಾಕಿರುತ್ತಾರೆ. ಅದು ಅಲ್ಲಿರಬಾರದು, ಗಂಟೆಯ ದನಿ ಮಂಕಾಗುತ್ತದೆ. ಇನ್ನೊಂದು: ಸ್ವಿಚ್ ಹಾಕಿದ ಕ್ಷಣ ಯಾವುದೋ ಮೂರು ನಾಲ್ಕು ದೀಪ ತಾವಾಗಿಯೇ ಹೊತ್ತಿದರೆ ಗಾಬರಿ ಬೇಡ. ಎಂಟು ಮನೆಗಳಲ್ಲಿ ಆಗ ಏನಿರುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಮೊದಲ ಸುದ್ದಿ ಹೋದ ಮೇಲೆ ಸರಿಯಾಗುತ್ತದೆ.

ಮತ್ತು ದಯವಿಟ್ಟು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ: ಈ ಮೇಜಿನ ಮೇಲಿರುವುದು 5 ವೋಲ್ಟ್, ಮೊಬೈಲ್ ಚಾರ್ಜರಿನಿಂದ ಬರುವಷ್ಟು. ಬೆರಳಿಟ್ಟರೂ ಏನೂ ಆಗದು. ಜಾತ್ರೆಯ ಸೀರಿಯಲ್ ಸೆಟ್ಟಿನದು 230 ವೋಲ್ಟ್. ಇದು ಗೊತ್ತಾಯಿತು ಎಂದು ಯಾವ ಮಗುವೂ ಅದರ ತಂತಿ ಬಿಚ್ಚಲು ಹೋಗಬಾರದು.

ಈಗ ಆ ನಾಳೆಯ ಸಭೆಯ ಮಾತು.

ಹಳೆಯ ವಿದ್ಯಾರ್ಥಿಗಳ ಸಂಘದಿಂದ ಶಾಲೆಯ ಹೆಬ್ಬಾಗಿಲಿಗೆ ಓಡುವ ಅಕ್ಷರಗಳ ಎಲ್‌ಇಡಿ ಬೋರ್ಡು ಕೊಡಬೇಕೆಂಬ ಸಲಹೆ ಬಂದಿದೆ. ಹಣವೂ ಸೇರುತ್ತಿದೆ. ಸಲಹೆ ಕೊಟ್ಟ ಅಣ್ಣಂದಿರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಬೋರ್ಡಿನ ಒಳಗೆ ಏನಿರುತ್ತದೆ ಎಂದು ತಿಳಿದುಕೊಂಡು ತೀರ್ಮಾನ ಮಾಡೋಣ.

ಪೇಟೆಯ ಅಂಗಡಿಗಳ ಮೇಲೆ ಕಾಣುವ ಕೆಂಪು ಬೋರ್ಡುಗಳನ್ನು ಪಿ10 ಎಂಬ ಹಲಗೆಗಳನ್ನು ಜೋಡಿಸಿ ಮಾಡುತ್ತಾರೆ. ದೀಪದಿಂದ ದೀಪಕ್ಕೆ 10 ಮಿಲಿಮೀಟರ್ ಅಂತರ, ಅದಕ್ಕೇ ಆ ಹೆಸರು. ಒಂದು ಹಲಗೆಯಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16, ಒಟ್ಟು 512 ದೀಪ. ಒಂದೇ ಬಣ್ಣದ ಹಲಗೆಯನ್ನು ತಿರುಗಿಸಿ ನೋಡಿದರೆ ಬೆನ್ನ ಮೇಲೆ ಸಾಲಾಗಿ ಕುಳಿತಿರುವುದು ಇದೇ 595, ಹದಿನಾರು ಚಿಪ್ಪು. ಹದಿನಾರು ಎಂಟ್ಲೆ ನೂರ ಇಪ್ಪತ್ತೆಂಟು ಮಾತ್ರ ಆಯಿತಲ್ಲ, ಉಳಿದ ದೀಪ? ಹದಿನಾರು ಅಡ್ಡಸಾಲುಗಳನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಾದ ಮೇಲೆ ಒಂದನ್ನು ಹೊತ್ತಿಸುತ್ತಾರೆ. ಯಾವ ಕ್ಷಣದಲ್ಲಿ ನೋಡಿದರೂ ಕಾಲುಭಾಗ ದೀಪ ಮಾತ್ರ ಹೊತ್ತಿರುತ್ತದೆ. ಅದು ಎಷ್ಟು ಬೇಗ ಬದಲಾಗುತ್ತದೆಂದರೆ ನಮ್ಮ ಕಣ್ಣು ನಾಲ್ಕನ್ನೂ ಸೇರಿಸಿ ಒಂದೇ ಅಕ್ಷರ ಎಂದುಕೊಳ್ಳುತ್ತದೆ. ಮೊಬೈಲಿನಲ್ಲಿ ಅಂಥ ಬೋರ್ಡಿನ ಫೋಟೋ ತೆಗೆದಾಗ ಕೆಲವು ಸಾಲು ಕತ್ತಲಾಗಿ ಬರುವುದು ಈ ಕಾರಣಕ್ಕೆ. ಈಗ ಸಭೆ ಮುಗಿದ ಮೇಲೆ ಪರೀಕ್ಷಿಸಿ ನೋಡಿ.

ಹಾಗಾದರೆ ಬೋರ್ಡು ಕೊಂಡರೇನು ತಪ್ಪು ಎನ್ನಬಹುದು. ತಪ್ಪಿಲ್ಲ. ಆದರೆ ನಮ್ಮ ಸುತ್ತಮುತ್ತ ಅಂಥ ಬೋರ್ಡುಗಳ ಗತಿ ನೋಡಿದ್ದೇನೆ. ಹೆಸರು ಬೇಡ, ಒಂದು ಕಡೆ ಎರಡು ವರ್ಷದ ಹಿಂದಿನ ಹಬ್ಬದ ಶುಭಾಶಯ ಇವತ್ತಿಗೂ ಓಡುತ್ತಿದೆ. ಹಾಕಿದವರು ಬೇರೆ ಊರಿಗೆ ಹೋದರು. ಬದಲಾಯಿಸಲು ಯಾರಿಗೂ ಬರುವುದಿಲ್ಲ. ಇನ್ನೊಂದು ಕಡೆ ಒತ್ತಕ್ಷರಗಳೆಲ್ಲ ಒಡೆದು, ಮೂಲ ಅಕ್ಷರದ ಪಕ್ಕದಲ್ಲಿ ಬಿಡಿಬಿಡಿಯಾಗಿ ಕುಳಿತಿವೆ. ಓದಿದ ಮಕ್ಕಳು ನಗುತ್ತಾರೆ.

ಇದರಲ್ಲಿ ಚಿಪ್ಪಿನ ತಪ್ಪೇನೂ ಇಲ್ಲ. 595ಕ್ಕೆ ಕನ್ನಡವೂ ಬರದು, ಇಂಗ್ಲಿಷೂ ಬರದು. ಯಾವ ದೀಪ ಹೌದು, ಯಾವುದು ಇಲ್ಲ ಎಂದು ಹೇಳುವವರು ಹೇಳಬೇಕು. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಅಡ್ಡ ಐದು, ಉದ್ದ ಏಳು ದೀಪ ಸಾಕು. ನಮ್ಮ ಶಾಲೆಯ ಹೆಸರನ್ನೇ ತೆಗೆದುಕೊಳ್ಳಿ: ಸರ್ಕಾರಿ ಪ್ರೌಢಶಾಲೆ. ‘ಸರ್ಕಾರಿ’ಯಲ್ಲಿ ಅರ್ಕಾವೊತ್ತಿದೆ. ರಕಾರವನ್ನು ನಾವು ಮೊದಲು ಉಚ್ಚರಿಸುತ್ತೇವೆ, ಬರೆಯುವುದು ‘ಕಾ’ ಆದ ಮೇಲೆ. ಕಂಪ್ಯೂಟರಿನೊಳಗೆ ಯೂನಿಕೋಡ್ ಕ್ರಮದಲ್ಲಿ ಅದು ಉಚ್ಚಾರದ ಹಾಗೆ ಮೊದಲೇ ಇರುತ್ತದೆ. ಬೋರ್ಡಿಗೆ ಕಳಿಸುವ ಮುಂಚೆ ಯಾರೋ ಅದನ್ನು ಹಿಂದಕ್ಕೆ ಸರಿಸಬೇಕು. ‘ಪ್ರೌಢಶಾಲೆ’ ಎಂಬುದು ಓದುವವರಿಗೆ ನಾಲ್ಕು ಅಕ್ಷರ, ಯೂನಿಕೋಡಿನಲ್ಲಿ ಒಂಬತ್ತು ಸಂಕೇತ. ಮೊದಲ ಅಕ್ಷರ ‘ಪ್ರೌ’ ಒಂದರಲ್ಲೇ ನಾಲ್ಕು ಸೇರಿವೆ. ಆ ನಾಲ್ಕನ್ನು ಒಂದು ಆಕಾರ ಮಾಡಿ, ಔತ್ವ ಮೇಲೆ ಬರುವಂತೆ, ರಕಾರದ ಒತ್ತು ಕೆಳಗೆ ಬರುವಂತೆ, ಹದಿನಾರು ಸಾಲಿನೊಳಗೆ ಹಿಡಿಸಬೇಕು. ಮೊಬೈಲಿನಲ್ಲಿ ಈ ಕೆಲಸ ಮಾಡುವ ದೊಡ್ಡ ತಂತ್ರಾಂಶಗಳಿವೆ. ಅಗ್ಗದ ಬೋರ್ಡಿನೊಳಗಿನ ಸಣ್ಣ ಕಂಪ್ಯೂಟರಿನಲ್ಲಿ ಅನೇಕ ಸಲ ಇರುವುದಿಲ್ಲ. ಅಲ್ಲಿ ಅಕ್ಷರ ಒಡೆಯುತ್ತದೆ.

ಇದಕ್ಕೆ ಬೇಕಾದ ಮೊದಲ ಸಲಕರಣೆ ಈ ಶಾಲೆಯಲ್ಲಿ ಈಗಾಗಲೇ ಇದೆ. ಗಣಿತದ ಗ್ರಾಫ್ ಹಾಳೆ. ಹದಿನಾರು ಚೌಕ ಎತ್ತರದಲ್ಲಿ ಮಗು ‘ಪ್ರೌ’ ಬರೆಯಲಿ, ಗೆರೆ ಹೋದ ಚೌಕಗಳನ್ನು ಪೆನ್ಸಿಲಿನಿಂದ ತುಂಬಲಿ. ಎಂಟೆಂಟು ಚೌಕವನ್ನು ಒಂದು ಸಂಖ್ಯೆ ಮಾಡಿ, ಅದೇ ಸೇರು-ಪಾವಿನ ಲೆಕ್ಕದಲ್ಲಿ, ಪಕ್ಕದಲ್ಲಿ ಬರೆಯಲಿ. ಒಂದು ಅಕ್ಷರಕ್ಕೆ ಮೂವತ್ತೆರಡು ಸಂಖ್ಯೆಗಳಾಗಬಹುದು. ಆ ಸಂಖ್ಯೆಗಳನ್ನು ಕಳಿಸಿದರೆ ಬೋರ್ಡಿನ ಮೇಲೆ ಮೂಡುವುದು ಆ ಮಗುವಿನ ಕೈಬರಹವೇ. ಕನ್ನಡ ಮೇಡಂ ಒತ್ತಕ್ಷರ ನೋಡಲಿ, ಗಣಿತದ ಮೇಷ್ಟ್ರು ಲೆಕ್ಕ ನೋಡಲಿ. ಕಂಪ್ಯೂಟರ್ ಗೊತ್ತಿರುವವರ ಅಗತ್ಯ ಕೊನೆಯಲ್ಲಿ, ಸ್ವಲ್ಪ ಮಾತ್ರ. ಅಷ್ಟನ್ನು ನಾನು ಮಾಡುತ್ತೇನೆ.

ಆದ್ದರಿಂದ ನಾಳೆಯ ಸಭೆಗೆ ನನ್ನ ಸೂಚನೆ: ಸಿದ್ಧ ಬೋರ್ಡನ್ನು ಈ ವರ್ಷ ಕೊಳ್ಳುವುದು ಬೇಡ. ಆ ಹಣದಲ್ಲಿ ಒಂದು ಸಣ್ಣ ಭಾಗ ತೆಗೆದು ಎಂಟು ದೀಪದ ಹತ್ತು ಸೆಟ್ಟು, ನಾಲ್ಕು ಪಿ10 ಹಲಗೆ ಕೊಳ್ಳೋಣ. ಉಳಿದದ್ದು ಬ್ಯಾಂಕಿನಲ್ಲಿರಲಿ. ಬೋರ್ಡು ಬಾಗಿಲಿಗೆ ಬರುವುದು ಒಂದು ವರ್ಷ ತಡವಾಗಬಹುದು, ಎರಡೂ ಆಗಬಹುದು. ಸುವರ್ಣ ಮಹೋತ್ಸವದ ವರ್ಷದಲ್ಲೇ ಏನಾದರೂ ಕಣ್ಣಿಗೆ ಕಾಣಬೇಕು ಎಂಬ ಗೆಳೆಯರ ಮಾತು ನನಗೆ ಅರ್ಥವಾಗುತ್ತದೆ. ದಾನಿಗಳ ಹೆಸರು ಬರೆಸಲು ಬಾಗಿಲ ಪಕ್ಕದಲ್ಲಿ ಕಲ್ಲು ಇದೆ, ಕಲ್ಲಿಗೆ ಕರೆಂಟು ಬೇಡ.

ಮಕ್ಕಳ ಕೈಗೆ ಕೊಟ್ಟರೆ ಹಾಳು ಮಾಡುತ್ತಾರೆ ಎಂದು ಒಬ್ಬ ಹಿರಿಯರು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಹೇಳಿದರು. ಮಾಡುತ್ತಾರೆ. ಎಲ್‌ಇಡಿಯ ಕಾಲು ಮುರಿಯುತ್ತದೆ, ತಿರುವುಮುರುವು ಜೋಡಿಸಿದ ಚಿಪ್ಪು ಬಿಸಿಯಾಗಿ ಸಾಯುತ್ತದೆ. ಹತ್ತು ಸೆಟ್ಟಿಗೆ ಇಪ್ಪತ್ತು ಚಿಪ್ಪು ತರಬೇಕು ಎಂದು ನಾನು ಲೆಕ್ಕ ಹಾಕಿರುವುದು ಆ ಕಾರಣಕ್ಕೇ. ಪ್ರಯೋಗಾಲಯದ ಬೀರುವಿಗೆ ಬೀಗ ಹಾಕಿಟ್ಟ ವಸ್ತು ಹಾಳಾಗುವುದಿಲ್ಲ ನಿಜ, ನಮ್ಮ ಕಾಲದಲ್ಲಿ ಬಂದ ಸೂಕ್ಷ್ಮದರ್ಶಕ ಇವತ್ತಿಗೂ ಹೊಸದಾಗಿಯೇ ಇದೆ.

ಈ ಮೇಜಿನ ಮೇಲಿರುವ ಸೆಟ್ಟನ್ನು ಇವತ್ತು ವಿಜ್ಞಾನ ಶಿಕ್ಷಕರಿಗೆ ಒಪ್ಪಿಸುತ್ತಿದ್ದೇನೆ. ಜೊತೆಗೆ ಬಿಡಿ ಚಿಪ್ಪು ಐದು, ದೀಪ ಐವತ್ತು, 470 ಓಮ್‌ನ ರೆಸಿಸ್ಟರುಗಳ ಒಂದು ಪೊಟ್ಟಣ, ಕನ್ನಡದಲ್ಲಿ ಬರೆದ ನಾಲ್ಕು ಪುಟದ ವಿವರ ಇವೆ. ತಿಂಗಳ ಎರಡನೆಯ ಶನಿವಾರ ನಾನು ಊರಿಗೆ ಬರುವವನು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ವಿಜ್ಞಾನ ಕೊಠಡಿಯಲ್ಲಿರುತ್ತೇನೆ, ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬರುವವರು ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲು ತನ್ನಿ. ನಿನ್ನೆ ಕಣ್ಣು ಮುಚ್ಚೋಣ ಎಂದ ಹುಡುಗಿ ಮೊದಲ ಅಕ್ಷರ ಯಾವುದು ಎಂದು ಆಗಲೇ ಕೇಳಿದಳು. ‘ಪ್ರೌ’ ಕಷ್ಟ, ‘ಲೆ’ಯಿಂದ ಶುರು ಮಾಡು ಎಂದಿದ್ದೇನೆ. ಅವಳು ‘ಪ್ರೌ’ಗೇ ಹಟ ಹಿಡಿದಿದ್ದಾಳೆ.